ಗುಜರಿಗೆ ಹಾಕುವ ಮೊದಲು ಒಂದು ಎತ್ತು ಮಾಡಿ ನೋಡಿ

ತೋಟದ ಶೆಡ್ಡಿನ ಮೂಲೆಯಲ್ಲಿ ಏನೆಲ್ಲಾ ಉಂಟು ಅಂತ ಒಮ್ಮೆ ನೋಡಿ. ಟಿಲ್ಲರಿನ ಸವೆದ ಬ್ಲೇಡು, ಬೈಕಿನ ಚೈನು, ಹಿಡಿ ಹೋದ ಹಾರೆ, ತುಂಡು ಪೈಪು. ಗುಜರಿಯವರು ಬಂದರೆ ಎಲ್ಲವೂ ಒಂದೇ ತಕ್ಕಡಿಗೆ. 1942ರಲ್ಲಿ ಪಿಕಾಸೊ ಹಳೇ ಸೈಕಲ್ಲಿನ ಸೀಟು, ಹ್ಯಾಂಡಲ್ ಎರಡನ್ನೇ ಸೇರಿಸಿ ಗೂಳಿಯ ತಲೆ ಮಾಡಿದರು. ಸೀಟು ಮುಖ, ಹ್ಯಾಂಡಲ್ ಕೊಂಬು, ಅಷ್ಟೇ.

ಲೋಹದ ಪ್ರಾಣಿ ಮಂಗಳೂರಿಗೆ ಹೊಸತಲ್ಲ. ದೈವಗಳ ಮೊಗವನ್ನು ಕಂಚು, ಹಿತ್ತಾಳೆಯಲ್ಲಿ ಎರಕ ಹೊಯ್ಯೋದು ತುಳುನಾಡಿನ ಹಳೇ ಪದ್ಧತಿ. ಪಂಜುರ್ಲಿಗೆ ಹಂದಿಯ ಮೊಗ, ಪಿಲಿಚಾಮುಂಡಿಗೆ ಹುಲಿಯದ್ದು. ಮೇಣದಲ್ಲಿ ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿಯೋದು. ಒಡೆದ ಕಂಚಿನ ಪಾತ್ರೆಯನ್ನೂ ಕರಗಿಸಿ ಮತ್ತೆ ಎರಕ ಹೊಯ್ಯಬಹುದು, ಹಾಗಾಗಿ ಕಂಚುಗಾರರಿಗೆ ಅದು ಕಸ ಅಲ್ಲ. ಬೆಳೆ ತಿನ್ನುವ ಹಂದಿಯನ್ನೇ ಕಾಯುವ ದೈವವಾಗಿ ನಂಬಿದ ಊರು ನಮ್ಮದು. 2022ರ ‘ಕಾಂತಾರ’ ಸಿನಿಮಾದ ನಂತರ ಪಂಜುರ್ಲಿ ಎಲ್ಲ ಕಡೆ ಗೊತ್ತಾಯ್ತು. ಹಾಗಂತ ಅಂದಕ್ಕೆ ಗೇಟಿನ ಮುಂದೆ ಗುಜರಿಯ ಪಂಜುರ್ಲಿ ನಿಲ್ಲಿಸೋದು ನನಗಂತೂ ಸರಿ ಕಾಣೋದಿಲ್ಲ. ಎತ್ತು ಮಾಡಿ, ಕೊಕ್ಕರೆ ಮಾಡಿ, ನವಿಲು ಮಾಡಿ.

ತೋಟಕ್ಕೇ ಗಿರಾಕಿ ಬರುವವರಿಗೆ, ರಸ್ತೆ ಬದಿ ತರಕಾರಿ ಇಡುವವರಿಗೆ ಇದು ಬೋರ್ಡಿಗಿಂತ ಚೆನ್ನಾಗಿ ಕೆಲಸ ಮಾಡ್ತದೆ. ಜನ ನಿಂತು ಫೋಟೋ ತೆಗೀತಾರೆ. (ಕಬ್ಬಿಣದ ಹುಲಿ ನೋಡಿ ಮಂಗ ಓಡ್ತದೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ ಮಾರಾಯ್ರೆ. ನಾಲ್ಕು ದಿನ ಕಳೆದರೆ ಅದರ ತಲೆ ಮೇಲೇ ಕೂತಿರ್ತದೆ.)

ವೆಲ್ಡಿಂಗಿಗೆ ಕೈ ಹಾಕುವ ಮೊದಲು ಲೋಹ ವಿಂಗಡಿಸಿ. ಸ್ಪ್ರೇಯರಿನ ಹಿತ್ತಾಳೆ ನಾಝಲ್, ವಾಲ್ವ್ ಬೇರೆ ತೆಗೆದು ಮಾರಿ, ಅದಕ್ಕೆ ಕಬ್ಬಿಣಕ್ಕಿಂತ ಒಳ್ಳೇ ರೇಟು ಉಂಟು. ಹಳೇ ಪಂಪಿನ ಬಾಡಿ ಹೆಚ್ಚಾಗಿ ಬೀಡು. ಸಾಮಾನ್ಯ ರಾಡಿನಲ್ಲಿ ವೆಲ್ಡ್ ಮಾಡಿದರೆ ಬಿರುಕು ಬಿಡ್ತದೆ, ಬೋಲ್ಟ್ ಹಾಕಿ ಕೂರಿಸಿ.

ಭಯಪಡಬೇಕಾದ್ದು ಜಿಐ ಪೈಪು ಮತ್ತು ತಗಡಿಗೆ. ಅವುಗಳ ಮೇಲಿರೋದು ಸತುವಿನ ಲೇಪ. ಕಬ್ಬಿಣ ಕರಗಲು ಸುಮಾರು 1,500 ಡಿಗ್ರಿ ಬೇಕು, ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆ ಆಗ್ತದೆ. ಅದನ್ನು ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು. ನಮ್ಮೂರಲ್ಲಿ ಮಲೇರಿಯಾ ಅಂದ್ಕೊಳ್ಳೋದು ಸುಲಭ, ಹಾಗಾಗಿ ವೆಲ್ಡಿಂಗ್ ಮಾಡಿದ್ದನ್ನು ಡಾಕ್ಟರಿಗೆ ಹೇಳಲೇಬೇಕು. ಹಾಲು ಕುಡಿದರೆ ಸಾಕು ಅನ್ನೋದು ಬರೀ ಮಾತು. ಬೆಸೆಯುವ ಜಾಗದ ಸುತ್ತ ಲೇಪ ತೆಗೆಯಿರಿ, ಬಯಲಲ್ಲಿ ಕೆಲಸ ಮಾಡಿ, ಗಾಳಿ ಬರುವ ಕಡೆ ನಿಲ್ಲಿ. ಲೇಪ ಉಜ್ಜುವಾಗಲೂ ಮಾಸ್ಕ್, ಕನ್ನಡಕ ಬೇಕು.

ಡೀಸೆಲ್ ಡ್ರಮ್ಮನ್ನು ಆನೆಯ ಹೊಟ್ಟೆಗೆ ಅಂತ ಕತ್ತರಿಸಲು ಹೋಗಲೇಬೇಡಿ. ಖಾಲಿ ಕಂಡರೂ ಒಳಗಿನ ಆವಿ ಕಿಡಿ ತಾಗಿದರೆ ಸಿಡಿಯುತ್ತದೆ. ಕೀಟನಾಶಕದ ಡಬ್ಬವೂ ಬೇಡ.

ಕಡಲ ಉಪ್ಪುಗಾಳಿ, ಮೇಲೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. ತಂತಿ ಬ್ರಶ್ಶಿನಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಎರಡು ಕೋಟ್ ಕೊಟ್ಟು, ಆಮೇಲೆ ಬಣ್ಣ ಹಚ್ಚಿ. ಕಾಲನ್ನು ಮಣ್ಣಲ್ಲಿ ಹೂಳದೆ ಕಾಂಕ್ರೀಟ್ ಮೇಲೆ ನಿಲ್ಲಿಸಿ. ಹೊಟ್ಟೆಯ ಅಡಿಗೆ ತೂತು ಇಲ್ಲದಿದ್ದರೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. 2019ರಲ್ಲಿ ಮಂಗಳೂರಲ್ಲಿ ಡೆಂಗಿ ಹೇಗೆ ಹಬ್ಬಿತ್ತು ಅಂತ ನೆನಪಿರಬಹುದು. ಬಣ್ಣದ ಕೆಲಸ ಮೇ ತಿಂಗಳ ನಡುವೆಯೇ ಮುಗಿಯಲಿ, ಮಳೆ ಹಿಡಿದ ಮೇಲೆ ಇಲ್ಲಿ ಪೇಂಟ್ ಒಣಗೋದಿಲ್ಲ.