ಕಂಕನಾಡಿಯ ಗೂಢಾಂಕ

ಮಂಗಳೂರಿನ ಕಂಕನಾಡಿಯಲ್ಲಿ ವಿದ್ಯಾರ್ಥಿಗಳ ತಂಡಗಳಿಗಾಗಿ ಒಗಟಿನ ಸ್ಪರ್ಧೆಯೊಂದು ಏರ್ಪಟ್ಟಿದೆಯೆಂದು ಭಾವಿಸೋಣ. ಪೆಟ್ಟಿಗೆಗೆ ನಾಲ್ಕು ಅಂಕಿಗಳ ಬೀಗ ಹಾಕಿದೆ; ಬೀಗ ತೆರೆಯುವ ಸಂಖ್ಯೆ ಊರಿನ ಹೆಸರಿನಲ್ಲಿಯೇ ಅಡಗಿದೆ. ಇದಕ್ಕಾಗಿ ಹೊಸ ಗೂಢಲಿಪಿಯನ್ನು ನಿರ್ಮಿಸಬೇಕಾಗಿಲ್ಲ. ಕಟಪಯಾದಿ ಎಂಬ ಪ್ರಾಚೀನ ಪದ್ಧತಿಯೇ ಸಾಕು.

ಈ ಪದ್ಧತಿಯಲ್ಲಿ ವ್ಯಂಜನಗಳೇ ಅಂಕಿಗಳು. ಕಕಾರದಿಂದ ಝಕಾರದವರೆಗೆ 1ರಿಂದ 9, ಞಕಾರಕ್ಕೆ ಸೊನ್ನೆ; ಟಕಾರದಿಂದ ಧಕಾರದವರೆಗೆ ಮತ್ತೆ 1ರಿಂದ 9, ನಕಾರಕ್ಕೆ ಸೊನ್ನೆ; ಪಕಾರದಿಂದ ಮಕಾರದವರೆಗೆ 1ರಿಂದ 5; ಯಕಾರದಿಂದ ಹಕಾರದವರೆಗೆ 1ರಿಂದ 8. ಕ, ಟ, ಪ, ಯ ಎಂಬ ನಾಲ್ಕೂ ಒಂದನ್ನೇ ಸೂಚಿಸುವುದರಿಂದ ಈ ಹೆಸರು ಬಂದಿತು. ಕಾಗುಣಿತದ ಚಿಹ್ನೆಗಳಿಗೂ ಅನುಸ್ವಾರಕ್ಕೂ ಬೆಲೆಯಿಲ್ಲ. ದೊರೆತ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕೇರಳದ ಜ್ಯೋತಿರ್ವಿದರು ಗಣನೆಯ ಸಂಖ್ಯೆಗಳನ್ನು ಪದಗಳಲ್ಲಿ ಅಡಗಿಸಿ ನೆನಪಿನಲ್ಲಿಡಲು ಇದನ್ನು ಬಳಸಿದರು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿಯೂ ಮೊದಲೆರಡು ಅಕ್ಷರಗಳು ರಾಗದ ಕ್ರಮಸಂಖ್ಯೆಯನ್ನು ಹೇಳುತ್ತವೆ. ಕಲ್ಯಾಣಿಯ ಹಿಂದೆ ‘ಮೇಚ’ ಸೇರಿರುವುದು 65 ಎಂಬ ಸಂಖ್ಯೆಗಾಗಿಯೇ.

ಕಂಕನಾಡಿ ಎಂಬಲ್ಲಿ ಕ್ರಮವಾಗಿ 1, 1, 0, 3 ದೊರೆಯುತ್ತವೆ. ಹಿಂದಿನಿಂದ ಓದಿದರೆ 3011. ಇದೇ ಬೀಗದ ಸಂಖ್ಯೆ.

ಈಗ ತಂಡಗಳಿಗೆ ಯಾವ ಸುಳಿವನ್ನು ಕೊಡಬೇಕು? ಒಗಟಿನ ಸತ್ವವೆಲ್ಲ ಈ ಆಯ್ಕೆಯಲ್ಲಿದೆ. ‘ಖರಹರಪ್ರಿಯ 22’ ಎಂದು ಮಾತ್ರ ಕೊಟ್ಟರೆ ದೊಡ್ಡ ದೋಷವುಂಟಾಗುತ್ತದೆ. ಖ, ರ ಎರಡಕ್ಕೂ 2 ಬೆಲೆಯಾದುದರಿಂದ ಎತ್ತಲಿಂದ ಓದಿದರೂ 22 ಬರುತ್ತದೆ. ಓದುವ ದಿಕ್ಕು ತಿಳಿಯದ ತಂಡವು 1103 ಎಂದರೆ ಅದನ್ನು ತಪ್ಪೆನ್ನಲು ನ್ಯಾಯವಿಲ್ಲ. ಬದಲಾಗಿ ‘ಕನಕಾಂಗಿ 01, ಮೇಚಕಲ್ಯಾಣಿ 65’ ಎಂದು ಕೊಡಬೇಕು. ಕ 1, ಚ 6, ನ 0, ಮ 5 ಎಂಬುದರಿಂದ ವರ್ಣಮಾಲೆಯನ್ನು ಬಲ್ಲವನು ಕೋಷ್ಟಕವನ್ನು ರಚಿಸುತ್ತಾನೆ. ಮೇ 5, ಚ 6 ಸೇರಿ 56 ಆಗದೆ 65 ಆಗಿರುವುದು ದಿಕ್ಕನ್ನು ತೋರಿಸುತ್ತದೆ. ಸಂಗೀತ ಕಲಿತ ಸಂಗಾತಿಯಿದ್ದರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಅನುಸ್ವಾರವನ್ನು ಬಿಡಬೇಕೆಂಬುದನ್ನು ಬೀಗದ ನಾಲ್ಕು ಅಂಕಿಗಳೇ ಸೂಚಿಸುತ್ತವೆ.

ಪದದಲ್ಲಿ ಸಂಖ್ಯೆಯನ್ನು ಅಡಗಿಸುವ ಬದಲು ಸಂಖ್ಯೆಯಲ್ಲಿ ಪದವನ್ನು ಅಡಗಿಸಹೊರಟರೆ ಈ ಪದ್ಧತಿ ಕೈಕೊಡುತ್ತದೆ. 3011ಕ್ಕೆ ಹೊಂದುವ ವ್ಯಂಜನಗಳ ಜೋಡಣೆಗಳೇ 128. ಅವುಗಳಲ್ಲಿ ಕಂಕನಾಡಿಯನ್ನು ಗುರುತಿಸಲು ಯಾವ ತಂಡಕ್ಕೂ ದಾರಿಯಿರುವುದಿಲ್ಲ.