ಸಿಯಾಲ್ದಾದ ಸಿಸ್ಟರ್ ಸಿರಿಲ್

ದೇಶವಿಭಜನೆಯ ದುರ್ದಿನಗಳಲ್ಲಿ ಪೂರ್ವಬಂಗಾಳದಿಂದ ಬಂದ ನಿರಾಶ್ರಿತರು ಗುಂಪುಗುಂಪಾಗಿ ಬಂದಿಳಿದ ಕಲಕತ್ತೆಯ ಸಿಯಾಲ್ದಾ ರೈಲುನಿಲ್ದಾಣದ ಸುತ್ತಮುತ್ತ ನೆಲೆಯಿಲ್ಲದವರ ಸಂಸಾರಗಳು ಅಂದಿನಿಂದಲೂ ಬೀದಿಬದಿಯಲ್ಲಿಯೇ ನಡೆಯುತ್ತ ಬಂದಿವೆ. ಅದರ ಸಮೀಪದಲ್ಲಿರುವ ಲೊರೆಟೊ ಡೇ ಸ್ಕೂಲ್ ಎಂಬ ಬಾಲಿಕಾ ವಿದ್ಯಾಲಯವು ಆ ಬೀದಿಯ ಮಕ್ಕಳನ್ನು ತನ್ನವರೆಂದು ಒಳಗೆ ಕರೆದುಕೊಂಡುದು ಸಿಸ್ಟರ್ ಸಿರಿಲ್ ಮೂನಿ ಎಂಬ ಸಂನ್ಯಾಸಿನಿಯ ದೆಸೆಯಿಂದ.

1936ರಲ್ಲಿ ಐರ್ಲೆಂಡಿನ ಬ್ರೇ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದ ಅವರು, 1841ರಿಂದಲೂ ಕಲಕತ್ತೆಯಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿಯುತ್ತಿದ್ದ, ಮದರ್ ತೆರೇಸಾ ಅವರೂ ಮೊದಲಲ್ಲಿ ಸೇರಿದ್ದ ಲೊರೆಟೊ ಸಂಘವನ್ನು ಸೇರಿ, 1956ರಲ್ಲಿ ಭಾರತಕ್ಕೆ ಬಂದರು. ಲಖನೌ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1979ರಲ್ಲಿ ಅವರು ಸಿಯಾಲ್ದಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾದಾಗ ಅಲ್ಲಿದ್ದ ಸುಮಾರು 790 ವಿದ್ಯಾರ್ಥಿನಿಯರಲ್ಲಿ ಶುಲ್ಕದ ವಿನಾಯಿತಿ ಪಡೆದವರು 90 ಮಂದಿ ಮಾತ್ರ. ಎರಡು ದಶಕಗಳೊಳಗಾಗಿ ವಿದ್ಯಾರ್ಥಿನಿಯರ ಸಂಖ್ಯೆ ಸುಮಾರು 1400ಕ್ಕೆ ಏರಿ, ಅವರಲ್ಲಿ ಅರ್ಧದಷ್ಟು ಮಕ್ಕಳು ಶುಲ್ಕವಿಲ್ಲದೆ ಓದತೊಡಗಿದರು.

ಇದಕ್ಕಿಂತಲೂ ಮಹತ್ತ್ವದ ಹೆಜ್ಜೆಯೆಂದರೆ 1985ರಲ್ಲಿ ಆರಂಭವಾದ ‘ರೇನ್‌ಬೋ’ ಯೋಜನೆ. ಚಿಂದಿ ಆಯ್ದೋ ಮನೆಗೆಲಸ ಮಾಡಿಯೋ ಹೊಟ್ಟೆ ಹೊರೆಯುವ ಮಗುವಿಗೆ ಗಂಟೆ ಬಾರಿಸಿದೊಡನೆ ಬಂದು ಸಾಲಿನಲ್ಲಿ ಕುಳಿತುಕೊಳ್ಳಬೇಕೆಂಬ ನಿಯಮ ಹೊಂದುವುದಿಲ್ಲ. ಆದುದರಿಂದ ಅದು ಬಿಡುವಾದಾಗ ಬರಲಿ, ಬಂದಾಗ ಅದಕ್ಕಾಗಿಯೇ ಒಬ್ಬ ಶಿಕ್ಷಕಿ ಕಾದಿರಲಿ ಎಂಬುದು ಸಿರಿಲ್ ಅವರ ಸಂಕಲ್ಪ. ಅಷ್ಟು ಶಿಕ್ಷಕಿಯರನ್ನು ಎಲ್ಲಿಂದ ತರುವುದು? ಅದೇ ಶಾಲೆಯ ಐದನೆಯ ತರಗತಿ ಮತ್ತು ಅದಕ್ಕೆ ಮೇಲ್ಪಟ್ಟ ಹುಡುಗಿಯರೇ, ವೇಳಾಪಟ್ಟಿಯಲ್ಲಿ ಇದಕ್ಕೆಂದು ಮೀಸಲಾದ ಅವಧಿಯಲ್ಲಿ, ಒಂದೊಂದು ಮಗುವಿನ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿಸಿದರು, ಲೆಕ್ಕ ಹೇಳಿಕೊಟ್ಟರು. ಮಗುವಿನ ಕಲಿಕೆ ವಯಸ್ಸಿಗೆ ತಕ್ಕ ಮಟ್ಟಕ್ಕೆ ಬಂದಮೇಲೆ ಅದನ್ನು ಯಾವುದಾದರೊಂದು ಶಾಲೆಯ ಸಾಮಾನ್ಯ ತರಗತಿಗೆ ಸೇರಿಸುವುದು ಕ್ರಮವಾಯಿತು.

ಹೀಗೆ ಕಲಿಸಿದುದರಿಂದ ಲಾಭ ಪಡೆದವರು ಬೀದಿಯ ಮಕ್ಕಳು ಮಾತ್ರವೆಂದು ಭಾವಿಸಬಾರದು. ತನ್ನ ಓರಗೆಯ ಹುಡುಗಿಯೊಬ್ಬಳು ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಅಕ್ಷರವನ್ನು ಹಸಿವಿನಿಂದೆಂಬಂತೆ ಅರಸಿಬರುವುದನ್ನು ಕಂಡ ವಿದ್ಯಾರ್ಥಿನಿಗೆ, ಯಾವ ನೀತಿಪಾಠವೂ ಕಲಿಸಲಾಗದ ವಿನಯವೂ ಹೊಣೆಗಾರಿಕೆಯೂ ತಾನಾಗಿಯೇ ಒದಗಿದವು. ಈ ವಿದ್ಯಾರ್ಥಿನಿಯರೇ ವಾರಕ್ಕೊಮ್ಮೆ ಹಳ್ಳಿಯ ಶಾಲೆಗಳಿಗೂ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿದರು. ಹಳ್ಳಿಗಳ ಯುವಕ ಯುವತಿಯರನ್ನು ಉಪಾಧ್ಯಾಯರನ್ನಾಗಿ ಪಳಗಿಸುವ ತರಬೇತಿಯನ್ನೂ ಸಿರಿಲ್ ಅವರು ನಡೆಸಿದರು.

2007ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 2023ರ ಜೂನ್ ತಿಂಗಳಿನಲ್ಲಿ ಅವರು ದೈವಾಧೀನರಾದರು. ತಾವೊಬ್ಬರೇ ಸಾವಿರ ಮಂದಿಗೆ ಕಲಿಸುವುದಕ್ಕಿಂತ ಸಾವಿರ ಮಂದಿಯನ್ನು ಕಲಿಸುವವರನ್ನಾಗಿ ಮಾಡುವುದೇ ಹಿರಿದಾದ ಗುರುತ್ವವೆಂಬುದನ್ನು ಅವರ ಬಾಳು ಸಾಧಿಸಿ ತೋರಿಸಿದೆ. ಅವರ ಪದ್ಧತಿಗೆ ಬೇಕಾದುದು ಹೊಸ ಕಟ್ಟಡವಲ್ಲ, ಅಪಾರ ಧನವೂ ಅಲ್ಲ. ಇರುವ ಶಾಲೆಯಲ್ಲಿ ಒಂದು ಮೂಲೆ, ಇರುವ ಮಕ್ಕಳಿಂದ ವಾರಕ್ಕೊಂದೆರಡು ಗಂಟೆ. ನಮ್ಮ ನಮ್ಮ ಊರಿನಲ್ಲಿ ವಿದ್ಯಾಲಯಗಳನ್ನು ನಡೆಸುವ ಮಹನೀಯರು ಇಷ್ಟನ್ನು ಮನಸ್ಸಿಗೆ ತಂದುಕೊಂಡು ಕಾರ್ಯಕ್ಕಿಳಿದರೆ, ಆ ಪುಣ್ಯಜೀವಿಗೆ ಅದಕ್ಕಿಂತ ಸಾರ್ಥಕವಾದ ಸ್ಮಾರಕ ಬೇಕಾಗಿಲ್ಲ.