ನಿಮಗಿದು ಗೊತ್ತೇ? ಮನೆಯ ನೀರು, ಮಕ್ಕಳ ಜೀವ

● ಕೂಸು ಮುಳುಗಲು ಭೀಮಾ ನದಿಯೇ ಬೇಕಿಲ್ಲ. ಮೂಗು, ಬಾಯಿ ಮುಚ್ಚುವಷ್ಟು, ಅಂದರೆ ಎರಡು ಇಂಚು ನೀರು ಸಾಕು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ನಳಕ್ಕೆ ನೀರು ಬಂದಾಗಲೇ ತುಂಬಿಸಿಟ್ಟುಕೊಳ್ಳಬೇಕು. ಹಾಗಾಗಿ ಸಿಮೆಂಟ್ ತೊಟ್ಟಿ, ಬ್ಯಾರಲ್, ಬಕೆಟ್ ಸದಾ ತುಂಬಿರುತ್ತವೆ. ಆಗಷ್ಟೇ ನಡೆಯಲು ಕಲಿತ ಕೂಸಿಗೆ ಮೊದಲ ಅಪಾಯ ಇವುಗಳಿಂದಲೇ.

● ಬಕೆಟ್ಟಿನೊಳಗೆ ಬಗ್ಗಿದ ಕೂಸು ಏಕೆ ಮೇಲೇಳುವುದಿಲ್ಲ? ಎಳೆ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಮುಂದಕ್ಕೆ ವಾಲಿದರೆ ತಲೆ ಕೆಳಗಾಗುತ್ತದೆ, ತೋಳಿಗೆ ಮೈಯನ್ನು ಎತ್ತುವ ಬಲ ಇನ್ನೂ ಬಂದಿರುವುದಿಲ್ಲ. ನೀರು ತುಂಬಿದ ಬಕೆಟ್ ಉರುಳುವುದೂ ಇಲ್ಲ. ಬಳಸಿದ ನೀರು ಚೆಲ್ಲಿ ಬಕೆಟ್ ಬೋರಲು ಹಾಕಿ, ತೊಟ್ಟಿಗೆ ಭಾರದ ಮುಚ್ಚಳ ಮಾಡಿಸಿ, ಬಚ್ಚಲಿನ ಚಿಲಕವನ್ನು ಮಗುವಿನ ಕೈಗೆ ನಿಲುಕದ ಎತ್ತರಕ್ಕೆ ಹಾಕಿಸಿ. ಖರ್ಚು ಕೆಲವೇ ನೂರು ರೂಪಾಯಿ. ದಯವಿಟ್ಟು ನಾಳೆಗೆ ಬಿಡಬೇಡಿ.

● ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ದನಿ ಎಲ್ಲಿಂದ ಬರಬೇಕು? ನಾಲ್ಕಾರು ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳು ಕೆಡತೊಡಗುತ್ತದೆ. ಅಡುಗೆಮನೆಯಿಂದ ಕಿವಿಗೊಟ್ಟು ಕೂತರೆ ಅದು ಕಾವಲಲ್ಲ. ಮಗು ಕೈಯಳತೆಯಲ್ಲಿರಬೇಕು.

● ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ 5 ವರ್ಷದೊಳಗಿನ ಮಕ್ಕಳು.

● ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇಂಥ ಸಾವುಗಳು ಹೆಚ್ಚಾಗಿ ಆಗುವುದು ತಾಯಂದಿರು ಮನೆಗೆಲಸದಲ್ಲಿರುವ ಬೆಳಗಿನ ಹೊತ್ತಿನಲ್ಲಿ. ಅಲ್ಲಿ ಆ ಹೊತ್ತಿಗೆಂದೇ ಶಿಶುಪಾಲನಾ ಕೇಂದ್ರ ನಡೆಸಿದಾಗ ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗುವ ಸಾವು ಬಹುಪಾಲು ತಗ್ಗಿತು. ನಮ್ಮ ಗ್ರಾಮ ಪಂಚಾಯಿತಿಗಳಿಗೆ 2023-24ರಲ್ಲಿ ಬಂದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರದಿಂದಲೂ ಇದೇ ಉಪಕಾರವಾಗಬಲ್ಲದು. ತೊಗರಿ ರಾಶಿಯ ದಿನಗಳಲ್ಲಿ ಒಬ್ಬ ಅಜ್ಜಿಯ ಮೇಲೆ ನಾಲ್ಕು ಮಕ್ಕಳನ್ನು ಬಿಟ್ಟು ಹೊಲಕ್ಕೆ ಹೋಗುವ ಮನೆಗಳಿಗೆ ಅದು ಬಾಗಿಲು ತೆರೆದಿರಲೇಬೇಕು.

● 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳದ್ದು ಇನ್ನೂ ಬೇಗ. ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಸುರಿಯಿರಿ. ಹೀಟರ್ ರಾಡ್ ಹಾಕಿದ ಬಕೆಟ್ ಹತ್ತಿರ ಮಗುವನ್ನು ಬಿಡಲೇಬೇಡಿ, ಅಲ್ಲಿ ಸುಡುವ ನೀರಿನ ಜೊತೆ ಕರೆಂಟಿನ ಅಪಾಯವೂ ಇದೆ. ಮೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಬೇಡ.

● ಪರದೇಶದ ಮನೆಗಳಲ್ಲಿರುವ ಬಿಸಿನೀರಿನ ಟಬ್ಬಿನ ಮಿತಿ 40 ಡಿಗ್ರಿ. 5 ವರ್ಷದೊಳಗಿನವರನ್ನು ಅದರಲ್ಲಿ ಇಳಿಸಬಾರದು. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ 7 ವರ್ಷದ ಮೊಮ್ಮಗಳು ಇಂಥ ಟಬ್ಬಿನ ತಳದ ತೂಬಿನ ಸೆಳೆತಕ್ಕೆ ಸಿಕ್ಕು ತೀರಿಕೊಂಡಳು. ಅವಳ ಹೆಸರಿನಲ್ಲೇ 2007ರಲ್ಲಿ ಕಾನೂನು ಬಂದು ತೂಬಿಗೆ ಸುರಕ್ಷಿತ ಮುಚ್ಚಳ ಕಡ್ಡಾಯವಾಯಿತು. ಊರ ಈಜುಕೊಳಕ್ಕೆ ಮಕ್ಕಳನ್ನು ಇಳಿಸುವ ಮುನ್ನ ತಳದ ಜಾಲರಿ ನೋಡಿ.

● ಕೃಷಿ ಹೊಂಡದ ಪಾಲಿಥೀನ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಈಜು ಬಲ್ಲವರೂ ದಡ ಹತ್ತಲಾರರು. ಕೃಷಿ ಭಾಗ್ಯ ಯೋಜನೆಯಲ್ಲಿ ತಂತಿ ಬೇಲಿಗೂ ಸಹಾಯಧನವಿದೆ, ಕೇಳಿ ಪಡೆಯಿರಿ. ಜೊತೆಗೆ ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ನೀರಿಗಿಳಿಬಿಡಿ.

● ದೇವಲ ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಲ್ಲಿ ಮಗುವಿಗೆ ಸ್ನಾನ ಮಾಡಿಸುವವರು ಕೈ ಬಿಡಬೇಡಿ. ಮರಳು ತೆಗೆದ ನದಿಯಲ್ಲಿ ಮೊಣಕಾಲ ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರಬಹುದು.

● ಮುಳುಗಿದ ಮಗುವನ್ನು ತಲೆಕೆಳಗೆ ಹಿಡಿಯುವುದು, ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತುವುದು ಎಲ್ಲವೂ ತಪ್ಪು. ಬೇಕಾದದ್ದು ಉಸಿರು. ಅಂಗಾತ ಮಲಗಿಸಿ ಗದ್ದ ಎತ್ತಿ, ಬಾಯಿಂದ 5 ಸಲ ಉಸಿರು ಊದಿ. ಚೇತರಿಕೆ ಕಾಣದಿದ್ದರೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ನಿಲ್ಲಿಸದೆ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಕಣ್ಣುಬಿಟ್ಟರೂ ಆಸ್ಪತ್ರೆಗೆ ಒಯ್ಯಿರಿ. ಶ್ವಾಸಕೋಶದ ತೊಂದರೆ ಕೆಲವು ತಾಸು ಕಳೆದು ಕಾಣಿಸಿಕೊಳ್ಳಬಹುದು.